ಸೋರುವ ಗುಮ್ಮಟದ ಕೆಳಗೆ ತಾವು ಕೊಟ್ಟ ಅಪ್ಪಣೆ

ಪಾರಂಪರಿಕ ಕಟ್ಟಡಗಳ ಸಂರಕ್ಷಣಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ನೆಗಡಿ ವಾಸಿಯಾಗಿ ತಾವು ಮತ್ತೆ ಕಚೇರಿಗೆ ಬರುತ್ತಿದ್ದೀರೆಂದು ತಿಳಿದು ನಮ್ಮ ಆರ್ಥೊಡಾಕ್ಸ್ ಕ್ರೈಸ್ತ ಸಭೆಯ ಸಮಸ್ತರಿಗೂ ಆದ ಸಂತೋಷವನ್ನು ಮೊದಲು ನಿವೇದಿಸಿಕೊಂಡು, ಆಮೇಲೆ ದೂರಿಗೆ ಬರುತ್ತೇನೆ.

ನಾವು ಕಡಲು ದಾಟಿ ಬಂದವರು. ಬೇರೆ ಪಂಥದವರು ಎಂದೋ ಕಟ್ಟಿ ಬಿಟ್ಟುಹೋಗಿದ್ದ ಚರ್ಚನ್ನು ಗುಡಿಸಿ ಒರೆಸಿ, ಎದೆಗವಚಿಕೊಂಡು ತಂದ ಸಂತರ ಪಟಗಳನ್ನು ಅಲ್ಲಿ ತೂಗುಹಾಕಿ, ನಮ್ಮ ಭಾಷೆಯಲ್ಲಿ ನಮ್ಮಷ್ಟಕ್ಕೆ ಹಾಡಿಕೊಂಡಿದ್ದೆವು. ಅದು ಚಾರಿತ್ರಿಕ ಕಟ್ಟಡವೆಂದು ನಮಗೆ ಗೊತ್ತಾದದ್ದೇ ಗುಮ್ಮಟ ಸೋರತೊಡಗಿದ ಮೇಲೆ. ದುರಸ್ತಿಗೆ ಅನುಮತಿ ಕೇಳಿದರೆ, ಹಳೆಯ ಹೆಂಚು ತಯಾರಾದ ಅದೇ ಕಾರ್ಖಾನೆಯ ಹೆಂಚು ಸಿಗುವವರೆಗೆ ಒಂದು ಮೊಳೆಯನ್ನೂ ಹೊಡೆಯಕೂಡದೆಂದಿರಿ. ಆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತೆಂದರೆ, ಸೋರುವ ಕಟ್ಟಡ ಅಪಾಯಕಾರಿಯಾದ್ದರಿಂದ ತಿಂಗಳ ಕೊನೆಗೆ ಬೀಗಮುದ್ರೆ ಹಾಕುತ್ತೇವೆಂದಿರಿ. ಮುಟ್ಟಿದರೆ ದಂಡ, ಮುಟ್ಟದಿದ್ದರೆ ಬೀಗ! ಇಷ್ಟು ಅಚ್ಚುಕಟ್ಟಾದ ಏರ್ಪಾಡು, ಯಾವ ಸರ್ಕಾರದ ಕಾಟಕ್ಕೆ ನಾವು ಊರು ಬಿಟ್ಟು ಓಡಿ ಬಂದೆವೋ ಅದಕ್ಕೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ನನ್ನ ಮಗಳ ಮದುವೆ ಬಂತು, ಜೊತೆಗೆ ಮಳೆಯೂ ಬಂತು. ನಮ್ಮಲ್ಲಿ ವಧೂವರರ ತಲೆಯ ಮೇಲೆ ಕಿರೀಟ ಹಿಡಿಯುತ್ತಾರೆ. ಅಂದು ಕಿರೀಟದ ಮೇಲೊಂದು ಕೊಡೆ, ಕೊಡೆ ಹಿಡಿದವರಿಗೊಂದು ಕೊಡೆ. ಪಾದ್ರಿಗಳ ಮೇಣದಬತ್ತಿ ಚುಂಯ್ ಎಂದು ಆರುವುದು, ಅವರು ಪ್ರಾರ್ಥನೆ ನಿಲ್ಲಿಸದೆಯೇ ಮತ್ತೆ ಹಚ್ಚುವುದು ನಡೆದೇ ಇತ್ತು. ಹೆಂಚು ಹೊದಿಸುವುದೇ ಕಸುಬಾಗಿರುವ ನಮ್ಮ ಬೀಗರು ಸೊಸೆಯನ್ನು ನೋಡುವುದು ಬಿಟ್ಟು ಗುಮ್ಮಟವನ್ನೇ ನೋಡುತ್ತ, "ಅರ್ಧ ದಿನದ ಕೆಲಸ ಕಣಮ್ಮಾ ಇದು" ಎಂದು ಪಿಸುಗುಟ್ಟುತ್ತಿದ್ದರು. "ಸುಮ್ನಿರಿ ಬೀಗರೇ, ಸಾಹೇಬ್ರು ಮುಟ್ಟಬೇಡಿ ಅಂದಿದ್ದಾರೆ" ಎಂದು ನಾನು ತಮ್ಮ ಮರ್ಯಾದೆ ಕಾಯುತ್ತಿದ್ದೆ.

ಆಗಲೇ ತಾವು ದಯಮಾಡಿಸಿದಿರಿ, ನಾವು ಕದ್ದು ಮೊಳೆ ಹೊಡೆದಿದ್ದೇವೋ ಹೇಗೆಂದು ನೋಡಲು. ಮದುವೆಯವರನ್ನೆಲ್ಲ ಸರಿಸಿ ಗುಮ್ಮಟದ ನಟ್ಟನಡುವೆ ನಿಂತು, ಕನ್ನಡಕ ಏರಿಸಿ, ತಲೆಯೆತ್ತಿದಿರಿ. ಗುಮ್ಮಟವೂ ತಮ್ಮನ್ನು ಗುರುತಿಸಿತೆಂದು ತೋರುತ್ತದೆ; ಹಿಡಿದಿಟ್ಟುಕೊಂಡಿದ್ದ ನೀರನ್ನೆಲ್ಲ ಪಾರಂಪರಿಕ ಗಾರೆಯ ಸಮೇತ ತಮಗೇ ಅರ್ಪಿಸಿತು. ಆಗ ತಾವು ಗಾಯಕವೃಂದವೇ ನಾಚುವ ದನಿಯಲ್ಲಿ, "ಅಯ್ಯಯ್ಯೋ! ಯಾರಾದ್ರೂ ಮೇಲೆ ಹತ್ತಿ ಆ ತೂತು ಮುಚ್ರಪ್ಪಾ!" ಎಂದಿರಿ. ನಮ್ಮ ಗುಮ್ಮಟದಲ್ಲಿ ದನಿ ಚೆನ್ನಾಗಿ ಮೊಳಗುವುದರಿಂದ ಆ ಅಪ್ಪಣೆ ಮತ್ತೆ ಮತ್ತೆ ಕೇಳಿಸಿತು. ಪಾದ್ರಿಗಳು "ಆಮೆನ್" ಎಂದರು.

ಬೀಗರು ಕೋಟು ಕಳಚಿ ನನ್ನ ಕೈಗಿತ್ತರು. ಅವರ ಹಿಂದೆ ಅವರ ತಮ್ಮಂದಿರು, ಅಳಿಯಂದಿರು, ತಡೆಯಲಾರದೆ ಮದುಮಗನೂ, ಬೀಗರ ಗಾಡಿಯಲ್ಲಿ ಸದಾ ಇರುವ ಏಣಿ, ಸುತ್ತಿಗೆ, ಹೆಂಚುಗಳನ್ನು ತಂದು, ಮಿರಿಮಿರಿ ಬೂಟುಗಳಲ್ಲೇ ಮೇಲೆ ಹತ್ತಿದರು. ಕಿರೀಟವನ್ನು ತಲೆಗೇರಿಸಿಕೊಂಡು ನನ್ನ ಮಗಳು ಕೆಳಗೆ ಏಣಿ ಹಿಡಿದಳು. ಮೇಲಿನ ಸುತ್ತಿಗೆಯ ತಾಳಕ್ಕೆ ಗಾಯಕವೃಂದ ಹಾಡಿತು. ಮಗಳನ್ನು ಒಪ್ಪಿಸಿಕೊಡುವಾಗ ಅಳಬೇಕಾಗಿದ್ದ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ನಕ್ಕೂ ನಕ್ಕೂ ಕೊನೆಗೆ ಅತ್ತೆ. ಊಟಕ್ಕೆ ಕೂರುವ ಹೊತ್ತಿಗೆ ಒಂದು ಹನಿಯೂ ಬೀಳುತ್ತಿರಲಿಲ್ಲ. ತಿಂಗಳ ಕೊನೆಗೆ ಬೀಗ ಹಿಡಿದು ಬಂದ ತಮ್ಮ ಸಿಬ್ಬಂದಿ ನೆಲ ಗೋಡೆಯೆಲ್ಲ ಸವರಿ, ತೇವ ಸಿಗದೆ, ಬೀಗದೊಂದಿಗೇ ಮರಳಿದರು.

ಈಗ ಯಾರ ಅಪ್ಪಣೆಯಿಂದ ದುರಸ್ತಿ ಮಾಡಿದಿರೆಂದು ತಮ್ಮದೇ ಕಚೇರಿ ನೋಟೀಸು ಕಳಿಸಿರುವುದೇ ನನ್ನ ದೂರು. ಅಪ್ಪಣೆಯನ್ನು ತಾವು ಹಿಂಪಡೆಯುವುದಾದರೆ ನಮ್ಮ ಅಭ್ಯಂತರವಿಲ್ಲ. ಆದರೆ ಪಾರಂಪರಿಕ ನಿಯಮದಂತೆ ಅದೇ ಜಾಗದಲ್ಲಿ, ಅಷ್ಟೇ ಒದ್ದೆಯಾಗಿ, ಅದೇ ದನಿಯಲ್ಲಿ ಹಿಂಪಡೆಯತಕ್ಕದ್ದು.

ಹೇಳಿದ್ದನ್ನು ಹೇಳಿದಂತೆಯೇ ಪಾಲಿಸಿದ ತಮ್ಮ ವಿಶ್ವಾಸಿ,
ಮದುಮಗಳ ತಾಯಿ

ತಾ.ಕ.: ನಮ್ಮ ಗಂಟೆಗೋಪುರವೂ ಈಚೆಗೆ ಸ್ವಲ್ಪ ವಾಲಿದೆ. ಅನುಮತಿಗಾಗಿ ಅರ್ಜಿ ಬರೆದು ತಮ್ಮ ಕಾಲಹರಣ ಮಾಡುವುದಿಲ್ಲ. ಬಿಡುವಾದ ಒಂದು ಭಾನುವಾರ ಬಂದು ಅದರ ಕೆಳಗೆ ಸುಮ್ಮನೆ ನಿಂತರೆ ಸಾಕು.