ಅತ್ತಿ ರೊಕ್ಕ ತೋರಿಸಿದ್ದು

ನಮ್ಮ ಕಡೆ ಮಂದಿಗೆ ರೊಕ್ಕ ಗಳಸಾಕೂ ಬರ್ತೈತಿ, ಬಚ್ಚಿಡಾಕೂ ಬರ್ತೈತಿ. "ಎಷ್ಟೈತಿ, ತೋರಸ್ರಿ" ಅಂದ್ರ ಮಾತ್ರ ಮುಖ ಸಣ್ಣದು ಮಾಡ್ತಾರ. ಸಿಂಧನೂರು ಬಸ್ ಸ್ಟ್ಯಾಂಡ್ ಎದುರಿಗೆ ನನ್ನದೊಂದು ಆನ್‌ಲೈನ್ ಸೆಂಟರ್ ಐತಿ. ಪಹಣಿ, ಪಾಸ್‌ಪೋರ್ಟ್, ವೀಸಾ, ಎಲ್ಲಾದರ ಅರ್ಜಿ ನಾನ ತುಂಬತೀನಿ. ಹಿಂಗಾಗಿ ಇಂಥಾ ಪ್ರಸಂಗ ಎಲ್ಲೇ ಇರಲಿ, ನನ್ನ ಅಂಗಡಿ ವಿಳಾಸ ಕೇಳ್ಕೊಂಡು ಬಂದ ಬರ್ತಾವ. ಹೊರಗಿನವರದಾದ್ರ ನಕ್ಕು ಬಿಡಬಹುದು. ಈ ಸಲ ಬಂದಾಕಿ ನಮ್ಮ ಸೋದರತ್ತಿ.

ಬ್ಯಾಂಕಿನವರಿಗೆ ಗೊತ್ತಾಗ್ತೈತಿ

ಅತ್ತಿ ಮಸ್ಕಿಯಾಕಿ. ಮಾಮ ಹಟ್ಟಿ ಗಣಿಯೊಳಗ ದುಡಿದು, ರಿಟೈರ್ ಆಗಿ, ತೀರಿಕೊಂಡಾನ. ಒಬ್ಬಾಕಿ ಮಗಳು, ಹೊರದೇಶದಾಗ ನರ್ಸ್ ಅದಾಳ. ಅತ್ತಿಗೆ ಅಲ್ಲಿ ವಯಸ್ಸಾದವರಿಗೆ ಕೊಡೋ ಲಾಂಗ್ ಸ್ಟೇ ವೀಸಾ ಐತಿ. ಮಗಳ ಮನ್ಯಾಗ ಇರ್ತಾಳ, ವರ್ಷಕ್ಕೊಮ್ಮೆ ಗುತ್ತಿಗಿಗೆ ಕೊಟ್ಟ ಭತ್ತದ ಗದ್ದಿ ನೋಡಾಕ ಮಸ್ಕಿಗೆ ಬಂದು ಹೋಗ್ತಾಳ. ಯಾವ ದೇಶ ಅಂತ ಮಾತ್ರ ಕೇಳಬ್ಯಾಡ್ರಿ, ಅತ್ತಿ ಮತ್ತ ಆ ದೇಶದ ಬಾಗಲಾ ದಾಟಬೇಕಾಗೈತಿ.

ಆ ದೇಶದವರ ಕಾಯ್ದೆ ಏನಂದ್ರ, ವೀಸಾ ಇದ್ರೂ ತಿರುಗಿ ಒಳಗ ಬರೋ ಮುಂದ ಆಫೀಸರ್ ಕೇಳಿದ್ರ ಉಳಿತಾಯ ತೋರಸಬೇಕು. ಬ್ಯಾಂಕಿನ ಕಾಗದ ಬೇಕು. ಇಲ್ಲಾಂದ್ರ ಬಂದ ವಿಮಾನದಾಗ ವಾಪಸ್. ಹಿಂದಿನ ಸಲ ಮಗಳು ತನ್ನ ರೊಕ್ಕ ಅತ್ತಿ ಖಾತೆಗೆ ಹಾಕಿ ಬಗೆಹರಿಸಿದ್ಲು. ಈ ಸಲ ಆಕೀಗೆ ದಿನ ತುಂಬಾಕತ್ತಾವ, ದವಾಖಾನಿ ಖರ್ಚು ಆಕೀದ ಆಕೀಗೆ ಸಾಕಾಗೈತಿ. ಅತ್ತಿನ್ನ ಬಾಗಲದಾಗ ತಡದ್ರ ಬಾಣಂತನ ಮಾಡೋರು ಯಾರು? ಅಳಿಯ ಒಳ್ಳೆಯವ, ಆದ್ರ ಆತ ನೀರು ಕಾಸಿದ್ರೂ ಸೀದು ಹೋಗ್ತಾವ.

ಪಾಸ್‌ಬುಕ್ ತೆರೆದು ನೋಡಿದ್ರ, ಖಾತೆ ಬಂದ್ ಆಗಬಾರದು ಅನ್ನೋವಷ್ಟ ಐತಿ.

"ಅತ್ತಿ, ಮಾಮ ರಿಟೈರ್ ಆದಾಗ ಬಂದ ರೊಕ್ಕ ಎಲ್ಲಿ?"

"ಎಲ್ಲಾ ಬಂದೋಬಸ್ತ್ ಐತಿ ತಗೋ."

ಬಂದೋಬಸ್ತ್ ಅಂದ್ರ, ಜರಾ ಮಸ್ಕಿ ದಲಾಲಿ ಅಂಗಡಿ ಸಾವಕಾರನ ಹತ್ರ, ಜರಾ ರೈಸ್ ಮಿಲ್ಲಿನ್ಯಾಗ ಭತ್ತ ಆಗಿ, ಜರಾ ಮಹಿಳಾ ಸಂಘದಾಗ, ಉಳಿದದ್ದು ಕೊರಳಾಗ. ಎಲ್ಲಾ ಬಾಯಿಮಾತಿನ ಮ್ಯಾಲ.

"ಬ್ಯಾಂಕಿನ್ಯಾಗ ಯಾಕ ಇಟ್ಟಿಲ್ಲ ನೀ?" ಅಂತ ಒದರಿದೆ.

ಅತ್ತಿ ನನ್ನ ಕಡೆ ಕನಿಕರದಿಂದ ನೋಡಿದ್ಲು. "ಹುಚ್ಚಿ ಅದೀ ಏನಬೇ? ಅಲ್ಲಿಟ್ರ ಬ್ಯಾಂಕಿನವರಿಗೆ ಗೊತ್ತಾಗ್ತೈತಿ!"

ಸಾವಕಾರ ಕೊಟ್ಟ ಜಾಮೀನು

ಮರುದಿನ ಅಂಗಡಿ ಬಾಗಲಾ ಹಾಕಿ ಅತ್ತಿನ್ನ ಕರ್ಕೊಂಡು ಮಸ್ಕಿ ಬಸ್ ಹತ್ತಿದೆ. ದಲಾಲಿ ಅಂಗಡಿ ಸಾವಕಾರ ಭಾಳ ಮರ್ಯಾದಸ್ತ. ಗಾದಿ ಮ್ಯಾಲ ಕುಂದ್ರಿಸಿ, ಚಾ ತರಿಸಿ, ಎಲ್ಲಾ ಕೇಳಿಸ್ಕೊಂಡ. ಕಡೀಕ ಆತಗ ಸ್ವಲ್ಪ ಬ್ಯಾಸರ ಆತು.

"ಅಲ್ರೀ ಅಮ್ಮಾ, ನಿಮ್ಮ ರೊಕ್ಕ ನನ್ನ ಹತ್ರ ಐತಿ ಅಂದ ಮ್ಯಾಲ ಆ ಆಫೀಸರ್‌ದು ಏನು ತಕರಾರು?"

"ಆತಗ ನಂಬಿಗಿ ಬರಬೇಕಲ್ರಿ" ಅಂದೆ ನಾನು.

"ಬರ್ತೈತಿ, ಯಾಕ ಬರಂಗಿಲ್ಲ? ನನ್ನ ನಂಬರ್ ಕೊಡ್ರಿ, ಒಂದು ಫೋನ್ ಮಾಡ್ಲಿ. ನಾನ ಮಾತಾಡ್ತೀನಿ."

"ಸಾವಕಾರ್ರ, ಆತಗ ಕನ್ನಡ ಬರಂಗಿಲ್ಲ."

ಸಾವಕಾರ ಟೋಪಿ ತೆಗೆದು ತಲಿ ತುರಿಸ್ಕೊಂಡ. "ಹಂಗಾದ್ರ ಒಂದು ಕೆಲಸ ಮಾಡ್ರಿ. ಆತಗೇ ಒಮ್ಮೆ ಬಂದು ಹೋಗಾಕ ಹೇಳ್ರಿ. ಮಸ್ಕ್ಯಾಗ ಇಳಿದು ಯಾರಿಗೆ ಕೇಳಿದ್ರೂ ನಮ್ಮ ಅಂಗಡಿ ತೋರಸ್ತಾರ!"

ಲಿಂಗಸುಗೂರಿನ ಜೋಡಿ

ಇದ ಟೈಮಿನ್ಯಾಗ ಲಿಂಗಸುಗೂರಿಂದ ಒಬ್ಬ ರಿಟೈರ್ ಆದ ಮಾಸ್ತರು ಹೆಂಡತಿ ಕರ್ಕೊಂಡು ನನ್ನ ಅಂಗಡಿಗೆ ಬಂದ್ರು. ಅವರೂ ಅದ ವೀಸಾದವರು, ಅವರಿಗೂ ಉಳಿತಾಯದ ಕಾಗದ ಬೇಕು. ಮಾಸ್ತರು "ನಮ್ಮ ಹತ್ರ ಏನೈತ್ರೀ, ಪೆನ್ಷನ್ ಮ್ಯಾಲ ನಡದೈತಿ" ಅಂತ ಸುರು ಮಾಡಿದ್ರು. ಅವರ ಹೆಂಡತಿ ಅಕ್ಕೋರು "ಹೌದ್ರೀ" ಅಂತ ಗೋಣು ಹಾಕಿದ್ರು.

ಸ್ವಲ್ಪ ಹೊತ್ತಿಗೆ ಅಕ್ಕೋರು ನೀರು ಕುಡಿಯಾಕ ಹೊರಗ ಹೋದ್ರು. ಮಾಸ್ತರು ಲಗೂನ ಅಂಗಿ ಒಳಗಿಂದ ಒಂದು ಪಾಸ್‌ಬುಕ್ ತೆಗೆದು ನನ್ನ ಟೇಬಲ್ ಕೆಳಗ ಹಿಡಿದ್ರು. "ಇದನ್ನ ಹಚ್ರಿ. ಆಕಿ ಮುಂದ ಬಾಯಿ ಬಿಡಬ್ಯಾಡ್ರಿ. ಗೊತ್ತಾದ್ರ ರೊಕ್ಕ ಆಕಿ ತವರಿಗೆ ಹೋಗ್ತೈತಿ."

ಅಕ್ಕೋರು ತಿರುಗಿ ಬಂದ ಮ್ಯಾಲ ಮಾಸ್ತರು ಝೆರಾಕ್ಸ್ ಮಾಡಿಸಾಕ ಬಾಜೂ ಅಂಗಡಿಗೆ ಹೋದ್ರು. ಅಕ್ಕೋರು ವ್ಯಾನಿಟಿ ಬ್ಯಾಗಿನ ತಳದಾಗಿಂದ ಒಂದು ಪಾಸ್‌ಬುಕ್ ತೆಗೆದ್ರು. "ತಂಗೀ, ಇವರಿಗೆ ಹೇಳಬ್ಯಾಡವ. ಗೊತ್ತಾದ್ರ ತಮ್ಮಗ ಕೊಡ್ತಾರ."

ನಾನು ಎರಡೂ ತೆರೆದು ನೋಡಿದೆ. ಜೋಡಿ ಸೇರಿ ತೋರಸಬೇಕಾದ ರೊಕ್ಕ ಒಬ್ಬೊಬ್ಬರ ಹತ್ರನ ಪೂರಾ ಇತ್ತು. ಬೇಕಂದಿದ್ರ ಗಂಡ ಒಂದು ದೇಶಕ್ಕ, ಹೆಂಡತಿ ಒಂದು ದೇಶಕ್ಕ ಹೋಗಬಹುದಿತ್ತು!

ಒಂದು ಬಾಯಿ, ಊರೆಲ್ಲಾ ಕಿವಿ

ಹೈರಾಣಾಗಿ, ಸಾವಕಾರನ ಕೈಕಾಲು ಹಿಡಿದು, ಮಿಲ್ಲಿನ ಭತ್ತ ಮಾರಿಸಿ, ಅಂತೂ ಅತ್ತಿ ರೊಕ್ಕ ಖಾತೆಗೆ ಬಂತು. ಕಾಗದ ತಗೊಳ್ಳಾಕ ಮಸ್ಕಿ ಬ್ಯಾಂಕಿಗೆ ಹೋದ್ವಿ. ವಾರದ ಸಂತಿ ದಿನ, ಒಳಗ ಕಾಲಿಡಾಕ ಜಾಗ ಇಲ್ಲ. ಕ್ಲರ್ಕ್ ಹೊಸಬ, ಒಳ್ಳೇ ಹುರುಪಿನ್ಯಾಗ ಇದ್ದ. ಕಂಪ್ಯೂಟರ್ ನೋಡಿದಾವನ ನಿಂತು ಒದರಿದ: "ಅಮ್ಮಾರ! ನಿಮ್ಮದು ಇಷ್ಟೊಂದು ಐತಲ್ರೀ! ಫಿಕ್ಸೆಡ್ ಮಾಡ್ರಲಾ!"

ಅತ್ತಿ ಸೆರಗಿನ್ಯಾಗ ಮುಖ ಮುಚ್ಕೊಂಡ್ಲು. ಬ್ಯಾಂಕಿನ್ಯಾಗಿದ್ದ ಮಸ್ಕಿ ಎಲ್ಲಾ ನಮ್ಮ ಕಡೆ ತಿರುಗಿತು.

ಸಂಜಿಗೆ ಬೀಗರು, ಬಿಜ್ಜರು, ಯಾವತ್ತೂ ಮುಖ ತೋರಸದವರು, ಎಲ್ಲಾ ಬಂದ್ರು. ಎಲ್ಲಾರಿಗಿಂತ ಗಟ್ಟಿಯಾಗಿ ಕುಂತವ ಸಿಂಧನೂರಿನ ಗೊಬ್ಬರದ ಅಂಗಡಿಯವ. ಮಾಮನ ಕಡೆಯಿಂದ ಅತ್ತಿಗೆ ದೂರದ ಅಳಿಯ ಆಗಬೇಕು.

"ಅತ್ತಿ, ಸೀಜನ್ ಬಂತು, ಸ್ಟಾಕ್ ಹಾಕಬೇಕು. ಜರಾ ಕೈ ಹಿಡೀರಿ."

ಅತ್ತಿ ಅಷ್ಟೊತ್ತಿಗೆ ಕೊರಳಾಗಿನ ಬಂಗಾರ ತೆಗೆದಿಟ್ಟು, ಹಳೇ ಸೀರಿ ಉಟ್ಟು, ಹಾಲಿಲ್ಲದ ಚಾ ಕಾಸಿಟ್ಟಿದ್ಲು. "ಎಲ್ಲೀದಪ್ಪಾ? ಏನಿಲ್ಲ, ಹಂಗ ನಡದೈತಿ. ಆ ಬ್ಯಾಂಕಿನ ಹುಡುಗಗ ಕಣ್ಣು ಸರಿ ಇಲ್ಲ."

ನಮ್ಮಲ್ಲಿ ಇದು ಸುಳ್ಳಲ್ಲ, ರೂಢಿ. ಐತಿ ಅಂದ್ರ ದೃಷ್ಟಿ ಆಗ್ತೈತಿ, ಇಲ್ಲ ಅಂದ್ರ ಮರ್ಯಾದಿ ಉಳೀತೈತಿ. ಎಲ್ಲಾರೂ ಹೋದ ಮ್ಯಾಲ ನಾನು ಅತ್ತಿಗೆ ತಾಕೀತು ಮಾಡಿದೆ: "ಅಲ್ಲಿ ಆಫೀಸರ್ ಕೇಳಿದಾಗ ಹಿಂಗ ಅನಬ್ಯಾಡ! ಐತಿ ಅನ್ನಬೇಕು. ಎಲ್ಲಿ, ಒಮ್ಮೆ ಅನ್ನು."

ಅತ್ತಿ ಬಾಗಲಾ ಹಾಕಿದ್ಲು, ಕಿಟಕಿ ಹಾಕಿದ್ಲು, ದೇವರ ಫೋಟೋ ಕಡೆ ತಿರುಗಿ ಪಿಸುಗುಟ್ಟಿದ್ಲು: "ಐತಿ. ಆದ್ರ ಭಾಳೇನಿಲ್ಲ."

ಗಾಜಿನ ಮುಂದ

ಅತ್ತಿ ವಿಮಾನ ಇಳಿಯೋ ದಿನ ನನಗ ಅಂಗಡ್ಯಾಗ ಕೆಲಸ ಹತ್ತಲಿಲ್ಲ. ಮಧ್ಯಾಹ್ನ ಅಲ್ಲಿಂದ ಅತ್ತಿ ಮಗಳ ಗಂಡ ಫೋನ್ ಮಾಡಿದ: "ಅಕ್ಕಾ, ವಿಮಾನ ಇಳಿದು ಭಾಳ ಹೊತ್ತಾತು, ಅತ್ತಿ ಇನ್ನೂ ಹೊರಗ ಬಂದಿಲ್ಲ. ಇಲ್ಲಿ ಇಕೀಗೆ ಹೆರಿಗಿ ಬ್ಯಾನಿ ಸುರು ಆಗ್ಯಾವ. 'ಅವ್ವ ಎಲ್ಲಿ, ಅವ್ವ ಎಲ್ಲಿ' ಅನ್ನಾಕತ್ತಾಳ." ಮಾಡಿದ್ದೆಲ್ಲಾ ನೀರಾಗ ಹೋತು ಅಂತ ಅಳು ಬಂತು.

ಒಳಗ ಏನು ನಡೀತು ಅನ್ನೋದನ್ನ ಆಮ್ಯಾಲೆ ಅತ್ತಿ ಬಾಯಿಂದನ ಕೇಳಿದೆ.

ಗಾಜಿನ ಹಿಂದಿನ ಆಫೀಸರ್ ಏನೋ ಕೇಳಿದ. ಅತ್ತಿಗೆ ಅಲ್ಲೀ ಭಾಷಾದಾಗ ಬರೋ ಮಾತು ಎರಡ: "ರೇಟ್ ಕಡಿಮಿ ಮಾಡು", "ಖಾರ ಜಾಸ್ತಿ ಹಾಕು". ಎರಡೂ ಉಪಯೋಗ ಆಗಲಿಲ್ಲ. ಆತ ಸಾಲಿನ ಕಡೆ ನೋಡಿ, ಇವರ ಮಾತು ಬರೋರು ಯಾರರ ಅದೀರೇನು ಅಂತ ಕೇಳಿದ.

"ನನಗ ಬರ್ತೈತಿ!" ಅಂತ ಹಿಂದಿಂದ ಒಂದು ಧ್ವನಿ.

ಅತ್ತಿ ತಿರುಗಿ ನೋಡಿದ್ರ, ಹೂವಿನ ಅಂಗಿ, ತಲಿ ಮ್ಯಾಲ ಕಂಪನಿ ಟೋಪಿ, ಅದ ಗೊಬ್ಬರದ ಅಂಗಡಿ ಅಳಿಯ! ಮನ್ಯಾಗ ಹೈದರಾಬಾದಿಗೆ ಮೀಟಿಂಗ್ ಅಂತ ಹೇಳಿ, ಗೊಬ್ಬರದ ಕಂಪನಿಯವರು ಅಂಗಡಿಯವರಿಗೆ ಕೊಡೋ ಪುಕ್ಕಟೆ ಟೂರಿಗೆ ಬಂದಾನ. ಅತ್ತಿನ್ನ ನೋಡಿ ಅವನೂ ಬೆವೆತ. ಆದ್ರ ಹಿಂದಕ್ಕ ಸರಿಯೋ ಹಂಗಿಲ್ಲ, ಆಫೀಸರ್ ಮುಂದ ಕರೆದಿದ್ದ.

"ಅತ್ತಿ, ನಿಮ್ಮ ಹತ್ರ ಉಳಿತಾಯ ಎಷ್ಟೈತಿ ಅಂತ ಕೇಳಾಕತ್ತಾರ."

ದಿನ ತುಂಬಿದ ಮಗಳು ಒಂದು ಕಡೆ, ಸಾಲ ಕೇಳಿ ಬರಿಗೈಲೆ ಹೋದವ ಇನ್ನೊಂದು ಕಡೆ. ಅತ್ತಿ ಬಾಯಿ ಅತ್ತಿನ್ನ ಕೇಳಲಿಲ್ಲ. "ಎಲ್ಲೀದಪ್ಪಾ? ಏನಿಲ್ಲ, ಹಂಗ ನಡದೈತಿ."

ಅಳಿಯ ಇದ್ದದ್ದು ಇದ್ದಂಗ ಇಂಗ್ಲಿಷಿನ್ಯಾಗ ಹೇಳಿಬಿಟ್ಟ: ಇವರ ಹತ್ರ ಏನೂ ಇಲ್ಲಂತ ಸಾಹೇಬ್ರ. ಆಫೀಸರ್ ಪಾಸ್‌ಪೋರ್ಟ್ ಮುಚ್ಚಿ, ಬಾಜೂ ಕೋಣಿ ಕಡೆ ಬೊಟ್ಟು ಮಾಡಿದ.

ಆ ಕೋಣ್ಯಾಗ ಕುಂತು ಕುಂತು ಅತ್ತಿ ಕಣ್ಣಾಗ ನೀರು ಬಂದ್ವು. ಮತ್ತ ಕರೆದಾಗ ಅಳಿಯ ಇನ್ನೂ ಅಲ್ಲೇ ನಿಂತಾನ. ಅತ್ತಿ ಗಟ್ಟಿ ಮನಸು ಮಾಡಿದ್ಲು. ಎಲಿ ಅಡಿಕಿ ಸಂಚಿಯಾಗಿನ ಬ್ಯಾಂಕಿನ ಕಾಗದ ತೆಗೆದ್ಲು, ಅಳಿಯಗ ಕಾಣದಂಗ ಸೆರಗು ಅಡ್ಡ ಹಿಡಿದ್ಲು, ಸೆರಗಿನ ಮರೀಗೆ ಕಾಗದ ಗಾಜಿಗೆ ಒತ್ತಿದ್ಲು.

ಆಫೀಸರ್ ಕುತ್ತಿಗಿ ಬಗ್ಗಿಸಿ ಓದಿದ. ಅತ್ತಿ ಮುಖ ನೋಡಿದ, ಹಿಂದ ಇಣುಕಾಕತ್ತಿದ್ದ ಅಳಿಯನ ಮುಖ ನೋಡಿದ. ಆ ಪುಣ್ಯಾತ್ಮಗೂ ಇಂಥಾ ಅಳಿಯ ಯಾವನೋ ಇರಬೇಕು! ತಾನೂ ಒಂದು ಕೈ ಅಡ್ಡ ಹಿಡಿದು, ಇನ್ನೊಂದು ಕೈಲೆ ಸದ್ದಿಲ್ಲದಂಗ ಠಸ್ಸೆ ಒತ್ತಿದ.

ಅತ್ತಿ ದವಾಖಾನಿ ಮುಟ್ಟೋದಕ್ಕೂ ಮೊಮ್ಮಗಳು ಅಳೋದಕ್ಕೂ ಸರಿಹೋತು. ಫೋನಿನ್ಯಾಗ ಆ ಕೂಸಿನ ಧ್ವನಿ ಕೇಳಿ ನಾನು ಅಂಗಡ್ಯಾಗ ಗಿರಾಕಿ ಮುಂದನ ಅತ್ತೆ. ಕಣ್ಣೊರೆಸ್ಕೊಂಡು ಕೇಳಿದೆ: "ಅತ್ತಿ, ಆ ಗೊಬ್ಬರದ ಅಂಗಡಿಯವ ಏನಾದ?"

"ಅವನಾ? ಅವನ್ನೂ ಹಿಡಿದ್ರವ್ವ, ಖರ್ಚಿಗೆ ರೊಕ್ಕ ತೋರ್ಸು ಅಂತ. ಎಲ್ಲಾ ಕಂಪನಿದು ಅಂತ ಬರಿ ಜೇಬಿಲೆ ಬಂದಾನ. ಜೊತಿಗೆ ಬಂದವರು ಮುಂದ ಹೋಗಿಬಿಟ್ಟಾರ. ಆಮ್ಯಾಲೆ ಕಂಪನಿಯವ ಬಂದು ಬಿಡಿಸ್ಕೊಂಡ, ಆ ಮಾತು ಬ್ಯಾರೆ. ಅದಕ್ಕೂ ಮೊದಲ ನನ್ನ ಕೂಗಿದ: 'ಅತ್ತೀ, ಜರಾ ರೊಕ್ಕ ಕೊಡ್ರಿ, ಬರೇ ತೋರಿಸಿ ವಾಪಸ್ ಕೊಡ್ತೀನಿ!' ಅಂತ."

"ನೀ ಏನಂದಿ?"

"ಏನನ್ಲಿ? 'ಎಲ್ಲೀದಪ್ಪಾ! ನೀನ ಈಗ ಸಾಹೇಬ್ರಿಗೆ ಇಂಗ್ಲಿಷಿನ್ಯಾಗ ಹೇಳಿದ್ಯಲ್ಲಾ, ನನ್ನ ಹತ್ರ ಏನೂ ಇಲ್ಲ ಅಂತ!' ಅಂದೆ."