ನೀಲಿ ಟೊಪಿಗಿ ಟ್ಯೂಬಿನ ಮಂದಿ

ತೋಳು ಚಾಚಿ ಕೂತ ಮನುಷ್ಯ ಬಾಯಿ ಮುಚ್ಚಿ ಕೂತದ್ದನ್ನು ನಾನಂತೂ ನೋಡಿಲ್ಲ. ಗೋಕಾಕದ ಒಂದು ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಬುಧವಾರ ಮೂಡಲಗಿ, ಶುಕ್ರವಾರ ಹುಕ್ಕೇರಿ. ಅಲ್ಲಿಯ ಸಣ್ಣ ಕೇಂದ್ರಗಳಿಗೂ ನಾನೇ ಹೋಗುವವಳು. ಎಲ್ಲಿ ಹೋದರೂ ದಿನಕ್ಕೊಂದು ತಮಾಷೆ ತಪ್ಪಿದ್ದಿಲ್ಲ. ಅದರಲ್ಲೂ ನೀಲಿ ಟೊಪಿಗಿಯ, ಅಂದರೆ ನೀಲಿ ಮುಚ್ಚಳದ, ಟ್ಯೂಬು ಕೈಗೆತ್ತಿಕೊಂಡೆನೆಂದರೆ ಏನೋ ಒಂದು ನಡೆಯಿತೆಂದೇ ಲೆಕ್ಕ.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ಮುಂದೆ ಹೆಪ್ಪುಗಟ್ಟುವ ಸಂಭವ ಇದೆಯೋ ಎಂದು ತಿಳಿಯಲು ರಕ್ತದೊಳಗಿನ ಕೆಲವು ಪ್ರೋಟೀನ್‌ಗಳನ್ನು ನೋಡುತ್ತಾರೆ. ಆ ಪರೀಕ್ಷೆಗೆ ರಕ್ತ ಹಿಡಿಯುವುದು ಈ ಟ್ಯೂಬಿನಲ್ಲಿ. ಹೆಪ್ಪು ಅಲ್ಲಿಂದ ಕಳಚಿ ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಕುತ್ತು. ಹಾಗಾಗಿ ಬರುವವರೆಲ್ಲ ಹೆದರಿಕೊಂಡೇ ಬರುತ್ತಾರೆ. ಪುಣ್ಯಕ್ಕೆ ಹೆಚ್ಚಿನವರು ನಿಟ್ಟುಸಿರು ಬಿಟ್ಟು ಹೋಗುತ್ತಾರೆ.

ಒಂದೂವರೆ ಇಂಚು

ಹುಕ್ಕೇರಿಯಲ್ಲಿ ಒಬ್ಬರು ಟೇಲರ್ ಚಾಚಾ. ನಲವತ್ತು ವರ್ಷ ಮಷೀನಿನ ಮುಂದೆ ಕೂತವರು. ಒಂದು ಶುಕ್ರವಾರ ಎಡಗಾಲು ಎಳೆಯುತ್ತ ಬಂದರು. ಮೀನಖಂಡ ಊದಿ ಕೆಂಪಗಾಗಿತ್ತು. ಡಾಕ್ಟರು ಟೇಪು ತಗೊಂಡು ಎರಡೂ ಕಾಲು ಅಳೆಯಲು ಬಗ್ಗಿದರು. ಚಾಚಾ ನೋಡಿದರು, ನೋಡಿದರು, ಕೊನೆಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ಟೇಪ್ ಸೊಟ್ಟ ಹಿಡದೀರಿ. ಕೊಡ್ರಿಲ್ಲೆ."

ತಮ್ಮ ಕಾಲನ್ನು ತಾವೇ ಅಳೆದು, "ಎಡಗಡೆ ಒಂದೂವರಿ ಇಂಚ್ ಜಾಸ್ತಿ. ಬರ್ಕೊಳ್ರಿ" ಎಂದರು. ಡಾಕ್ಟರು ತೆಪ್ಪಗೆ ಬರೆದುಕೊಂಡರು.

ನಾನು ರಕ್ತ ತೆಗೆದೆ. ಡಿ-ಡೈಮರ್ ಹೆಚ್ಚು ಬಂತು. ಅದು ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ಪ್ರೋಟೀನ್ ಚೂರು. ಬೆಳಗಾವಿಯಲ್ಲಿ ಸ್ಕ್ಯಾನ್ ಮಾಡಿದಾಗ ಹೆಪ್ಪು ಕಂಡೇ ಕಂಡಿತು. ಜೊತೆಗೆ ಬಂದಿದ್ದ ಅವರ ಹೆಂಡತಿ ಚಾಚಿಯ ಮುಖ ಆವತ್ತು ನೋಡಲಾಗುತ್ತಿರಲಿಲ್ಲ. ಆದರೆ ಸಮಯಕ್ಕೆ ಔಷಧ ಸಿಕ್ಕಿತು, ಹೆಪ್ಪು ಕರಗಿತು. ಆರೇಳು ತಿಂಗಳಿಗೆ ಚಾಚಾ ನೆಟ್ಟಗೆ ನಡೆದುಕೊಂಡು ಬಂದರು. ಎರಡೂ ಕಾಲು ಒಂದೇ ಅಳತೆ. ಎಲ್ಲರೂ ಖುಷಿ, ಚಾಚಾನ ಮುಖ ಮಾತ್ರ ಹುಳ್ಳಗೆ.

"ಯಾಕ್ರಿ ಚಾಚಾ, ಮತ್ತೇನಾತು?"

"ಏನ್ ಹೇಳ್ಲಿ ಅಕ್ಕಾರ, ಬಾವು ಇಳಿಯೂದಿಲ್ಲಂತ ತಿಳಕೊಂಡು ಎಡಗಾಲು ಅಗಲ ಇಟ್ಟು ಆರು ಪೈಜಾಮಾ ಹೊಲದಿದ್ದೆ. ಡಾಕ್ಟರು ಕಾಲು ಆಲ್ಟ್ರೇಶನ್ ಮಾಡಿ ಕೈ ತೊಳಕೊಂಡ್ರು. ಪೈಜಾಮಾ ಯಾರು ಮಾಡಬೇಕು?"

ಅತ್ತೆಯ ಡಬ್ಬಿ

ಮೂಡಲಗಿಯಲ್ಲಿ ಐದು ತಿಂಗಳ ಬಸುರಿಯೊಬ್ಬಳ ರಕ್ತ ತೆಗೆದಿದ್ದೆ. ಅವಳ ಅಕ್ಕನಿಗೆ ಬಾಣಂತಿಯಿದ್ದಾಗ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ದೊಡ್ಡ ಗಂಡಾಂತರವಾಗಿತ್ತಂತೆ. ಅದಕ್ಕೇ ಪರವೂರಿನ ಡಾಕ್ಟರೊಬ್ಬರು ಇವಳಿಗೆ 'ಪ್ರೋಟೀನ್ ಎಸ್' ನೋಡಿಸಲು ಬರೆದಿದ್ದರು. ಕಡಿಮೆ ಎಂದು ರಿಪೋರ್ಟ್ ಬಂತು.

ಮುಂದಿನ ಬುಧವಾರ ನಾನು ಬಾಗಿಲು ತೆಗೆಯುವುದರೊಳಗೆ ಅವಳ ಅತ್ತೆ ಸೊಸೆಯನ್ನೂ ಕರೆದುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಮಡಿಲಲ್ಲಿ ನಾಲ್ಕು ಅಂತಸ್ತಿನ ಊಟದ ಡಬ್ಬಿ.

"ಈ ರಿಪೋರ್ಟ್ ಬರದವ್ರು ಯಾರು? ಸೊಸಿಗೆ ಪ್ರೋಟೀನ್ ಕಮ್ಮಿ ಅಂದ್ರ ಮಂದಿ ಏನಂತಾರ? ಅತ್ತಿ ಹೊಟ್ಟಿಗಿ ಹಾಕೂದಿಲ್ಲ ಅಂತಾರ!"

ನಾನು ಬಾಯಿ ತೆರೆಯುವಷ್ಟರಲ್ಲಿ ಡಬ್ಬಿ ಬಿಚ್ಚಿ ಟೇಬಲ್ ಮೇಲೆ ಸಾಲಾಗಿ ಇಟ್ಟರು. ಮಡಿಕೆ ಕಾಳಿನ ಪಲ್ಯ, ಕಡಲೆ ಹಿಟ್ಟಿನ ಜುಣಕದ ವಡಿ, ಶೇಂಗಾ ಹಿಂಡಿ, ಗಟ್ಟಿ ಮೊಸರು.

"ದಿನಾ ಇದನ್ನ ಹಾಕ್ತೇನಿ. ತಿಂದ ನೋಡ್ರಿ, ಆಮ್ಯಾಲ ರಿಪೋರ್ಟ್ ಬರೀರಿ."

ಇದು ತಿನ್ನುವ ಪ್ರೋಟೀನ್ ಅಲ್ಲ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳಲು ದೇಹವೇ ಮಾಡಿಕೊಳ್ಳುವಂಥದ್ದು, ಬಸುರಿನಲ್ಲಿ ಅದು ತಾನಾಗಿಯೇ ಇಳಿಯುತ್ತದೆ ಎಂದು ಬಿಡಿಸಿ ಹೇಳಿದೆ. ನಮ್ಮ ಕೇಂದ್ರದ ಡಾಕ್ಟರೂ ಬಂದು, ಹೆರಿಗೆಯಾಗಿ ಕೆಲವು ತಿಂಗಳ ಮೇಲೆ ಮತ್ತೊಮ್ಮೆ ನೋಡೋಣ, ಅಲ್ಲಿಯವರೆಗೆ ನಾನು ಹುಷಾರಾಗಿ ನೋಡಿಕೊಳ್ಳುತ್ತೇನೆ ಎಂದರು. ಅತ್ತೆ ಅರೆಮನಸ್ಸಿನಿಂದ ತಲೆಯಾಡಿಸಿದರು. ಇತ್ತ ಈ ಗದ್ದಲದಲ್ಲಿ ಸೊಸೆ ಅರ್ಧ ವಡಿ ಖಾಲಿ ಮಾಡಿದ್ದಳು.

ಹೆರಿಗೆ ಸುಖವಾಗಿ ಆಯಿತು. ಹೆಣ್ಣು ಕೂಸು. ಆಮೇಲೆ ಮತ್ತೆ ರಕ್ತ ತೆಗೆದು ಕಳಿಸಿದೆ, ಎಲ್ಲ ಸರಿಯಾಗಿ ಬಂತು. ನಾನು ಅತ್ತೆಗೆ ರಿಪೋರ್ಟ್ ಓದಿ ಹೇಳಿದೆ. ಸೊಸೆಯ ತಲೆ ಸವರಿದರು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ,

"ಅಂತೂ ನಿಮ್ಮ ಮಷೀನ್ ರಿಪೇರಿ ಮಾಡಿಸಿದ್ರಲ್ಲ, ಭಾಳ ಛಲೋ ಆತು" ಎಂದರು.

ಇರುವೆ

ಒಮ್ಮೆ ನನ್ನ ಸರದಿಯೇ ಬಂತು. ನೆಂಟರ ಮದುವೆಗೆ ದೂರದ ಊರಿಗೆ ಬಸ್ಸಿನಲ್ಲಿ ಕೂತು ಹೋಗಿ ಬಂದಿದ್ದೆ, ಮೀನಖಂಡ ಹಿಡಿದುಕೊಂಡಿತ್ತು. ಡಾಕ್ಟರು ಬಿಡಲಿಲ್ಲ. ಸಹೋದ್ಯೋಗಿ ನನ್ನ ತೋಳಿಗೆ ಪಟ್ಟಿ ಕಟ್ಟಿದಳು. ನಾನು ಎಲ್ಲರಿಗೂ ಹೇಳುವ ಮಾತನ್ನೇ ನನಗೂ ಹೇಳಿದಳು: "ಇರುವಿ ಕಚ್ಚಿದಂಗ ಆಗತೈತಿ, ಅಷ್ಟ."

ಸೂಜಿ ಹೋಯಿತು. "ಯವ್ವಾ!" ಎಂದು ನಾನು ಚೀರಿದ್ದು ಕೆಳಗಿನ ಔಷಧಿ ಅಂಗಡಿಗೂ ಕೇಳಿಸಿತಂತೆ.

ಬೆಂಚಿನ ಮೇಲೆ ಕೊಣ್ಣೂರಿನ ಅಜ್ಜಿಯೊಬ್ಬರು ಕೂತಿದ್ದರು. ರಕ್ತ ತೆಳ್ಳಗಾಗುವ ಮಾತ್ರೆ ನುಂಗುವವರು, ತಿಂಗಳಿಗೊಮ್ಮೆ ನನ್ನ ಹತ್ತಿರ ರಕ್ತ ಕೊಡುವವರು. ಎದ್ದು ಬಂದು ನನ್ನ ತೋಳು ನೋಡಿ, ಮುಖ ನೋಡಿ ಅಂದರು:

"ಎರಡು ವರ್ಷ ಆತು, ಇರುವಿ ಇರುವಿ ಅಂತ ನನಗ ಚುಚ್ಚಾಕತ್ತಿ. ಇವತ್ತ ಗೊತ್ತಾತೇನ ನಿನ್ನ ಇರುವಿ ಎಷ್ಟ ದೊಡ್ಡದೈತಿ ಅಂತ?"

ನನ್ನ ರಿಪೋರ್ಟ್ ಸರಿಯಾಗಿಯೇ ಬಂತು. ಅಂದಿನಿಂದ ಆ ಮಾತು ಆಡುವುದನ್ನು ಬಿಟ್ಟಿದ್ದೇನೆ.

ಎಷ್ಟು ಟೈಮ್ ಐತಿ?

ಮಸಗುಪ್ಪಿಯ ಕಾಕಾ ಒಬ್ಬರು ಗೋಕಾಕದ ಲ್ಯಾಬಿಗೆ ಬಂದರು. ಬಿಳಿ ಧೋತರ, ತಲೆಗೆ ಹೊಸ ಪಟಕಾ, ಮುಖದಲ್ಲಿ ಮಾತ್ರ ಜೀವವಿಲ್ಲ. ಜ್ವರ ಬಂದು ಬಹಳ ದಿನ ಮಲಗಿದ್ದವರಿಗೆ ಈಗ ಕಾಲು ನೋವು. ಡಾಕ್ಟರು ಡಿ-ಡೈಮರ್ ಬರೆದುಕೊಟ್ಟಿದ್ದರು. ಜೊತೆಗೆ ಅವರ ತಮ್ಮ, ಅಣ್ಣನ ಚೀಲ, ನೀರಿನ ಬಾಟಲಿ ಹಿಡಿದು ನೆರಳಿನಂತೆ ನಿಂತಿದ್ದ.

ರಕ್ತ ತೆಗೆದು ಹತ್ತಿ ಒತ್ತಿದೆ. ಕಾಕಾ ಮೆಲ್ಲಗೆ ಕೇಳಿದರು, "ಅಕ್ಕಾರ, ಖರೇ ಹೇಳ್ರಿ. ಎಷ್ಟ ಟೈಮ್ ಐತಿ?"

ರಿಪೋರ್ಟಿನ ಮಾತು ಕೇಳುತ್ತಿದ್ದಾರೆಂದು ತಿಳಿದು, ಟ್ಯೂಬಿಗೆ ಹೆಸರು ಬರೆಯುತ್ತಲೇ ಹೇಳಿದೆ, "ಎರಡು ತಾಸ್ರಿ ಕಾಕಾ."

ತಲೆ ಎತ್ತಿದರೆ ಕಾಕಾ ಗೋಡೆಗೆ ಒರಗಿದ್ದಾರೆ. "ಎರಡ... ತಾಸ? ಮನಿ ಮುಟ್ಟಿ ಎಲ್ಲಾರ ಮಾರಿ ನೋಡಾಕರ ಸಾಕಾಗತೈತೇನ್ರಿ?"

ತಮ್ಮ ಅಣ್ಣನ ಕಾಲು ಹಿಡಿದುಕೊಂಡು ಗೊಳೋ ಎಂದು ಅಳಲು ಶುರು ಮಾಡಿದ. "ಅಣ್ಣಾ, ಅವತ್ತ ಮದಿವ್ಯಾಗ ನಿನ್ನ ಎತ್ತು ಮುದಿ ಅಂತ ಅಂದಿದ್ನಲ್ಲ, ಅದು ಸುಳ್ಳೋ. ಹೊಟ್ಟಿಕಿಚ್ಚಿಗೆ ಅಂದಿದ್ದೆ!"

"ಇರ್ಲಿ ಬಿಡೋ," ಎಂದು ಕಾಕಾ ಅವನ ಬೆನ್ನು ಸವರಿದರು. ಅವರ ಕಣ್ಣೂ ತುಂಬಿತ್ತು.

ನನಗೆ ತಲೆಬುಡ ತಿಳಿಯಲಿಲ್ಲ. ಕೇಳಿದ ಮೇಲೆ ಗೊತ್ತಾಯಿತು. ಮೊಮ್ಮಗಳು ಚೀಟಿ ಓದಿ 'ಡೈಮರ್' ಎಂದದ್ದು ಕಾಕಾನಿಗೆ 'ಟೈಮರ್' ಎಂದು ಕೇಳಿಸಿದೆ. "ನಮ್ಮ ಪಂಪ್‌ಸೆಟ್ಟಿಗೂ ಟೈಮರ್ ಐತ್ರಿ. ಟೈಮ್ ಮುಗದ್ರ ತಾನ ಬಂದ್ ಆಗತೈತಿ. ಮನಷ್ಯಾಂದೂ ಈಗ ರಕ್ತದಾಗ ನೋಡ್ತಾರಂತ ತಿಳದೆ." ಆ ಹೆದರಿಕೆಯಲ್ಲೇ, ಎತ್ತಿನ ಆ ಮಾತಿಗೇ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ತಮ್ಮನನ್ನು ಹಿಂದಿನ ದಿನ ಮನೆಗೆ ಹೋಗಿ ತಾವೇ ಮಾತಾಡಿಸಿ ಕರೆತಂದಿದ್ದರು.

ಎರಡು ತಾಸು ರಿಪೋರ್ಟ್ ಬರುವುದಕ್ಕೆ ಎಂದು ನಾಲ್ಕು ಸಲ ಹೇಳಬೇಕಾಯಿತು. ಆದರೂ ಅಣ್ಣತಮ್ಮ ಇಬ್ಬರೂ ಕೈ ಕೈ ಹಿಡಿದೇ ಕೂತರು, ಗಡಿಯಾರ ನೋಡುತ್ತ. ಎರಡು ತಾಸು ಕಳೆದರೂ ಕಾಕಾ ಉಸಿರಾಡುತ್ತಿರುವುದನ್ನು ತಮ್ಮ ಒಮ್ಮೆ ಬಗ್ಗಿ ಖಾತ್ರಿ ಮಾಡಿಕೊಂಡ.

ರಿಪೋರ್ಟ್ ಚೆನ್ನಾಗಿ ಬಂತು. ಡಾಕ್ಟರು ಕಾಲನ್ನು ಮತ್ತೊಮ್ಮೆ ಒತ್ತಿ ನೋಡಿ, "ಹೆಪ್ಪು ಗಿಪ್ಪು ಏನಿಲ್ರಿ, ಬರೇ ಸ್ನಾಯು ಹಿಡಕೊಂಡೈತಿ. ಆರಾಮ ಹೋಗ್ರಿ" ಎಂದರು. ಕಾಕಾ ಗೋಡೆಯ ಮೇಲಿದ್ದ ದೇವರ ಫೋಟೋಕ್ಕೂ, ಡಾಕ್ಟರಿಗೂ, ನನಗೂ, ಕೊನೆಗೆ ರಕ್ತದ ಮಷೀನಿಗೂ ಕೈಮುಗಿದರು. ಒಂದು ದೊಡ್ಡ ಉಸಿರು ಬಿಟ್ಟರು. ಆಮೇಲೆ ಪಕ್ಕದಲ್ಲಿ ಹಲ್ಲು ಕಿರಿಯುತ್ತ ನಿಂತ ತಮ್ಮನ ಮೇಲೆ ಕಣ್ಣು ಬಿತ್ತು. ಮುಖ ಸ್ವಲ್ಪ ಸ್ವಲ್ಪವೇ ಗಂಟಿಕ್ಕಿತು.

"ಏನ್ರಿ ಅಕ್ಕಾರ, ಈ ರಿಪೋರ್ಟ್ ನಿನ್ನೇನ ಕೊಟ್ಟಿದ್ರ ಇವನ್ನ ಮಾತಾಡಸೂದು ತಪ್ತಿತ್ತಲ್ರಿ!"