ಮೂಲೆ ಮನೆಯ ತಾರಸಿ

ಮದುವೆಯಾದ ಹೊಸತರಲ್ಲಿ, ಬಾಡಿಗೆ ಕೋಣೆಯ ಗೋಡೆ ಬೆವರುವುದನ್ನು ಕಂಡು ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಾಗ ಟೈಲರ್ ಮಾತು ಕೊಟ್ಟಿದ್ದ: "ತೇವ ಇಲ್ಲದ ಮನೇಲಿ ನಿನ್ನ ಇಡ್ತೀನಿ, ನೋಡ್ತಿರು."

ಅವಳು ನೋಡುತ್ತಲೇ ಇದ್ದಳು. ನೋಡುತ್ತ ನೋಡುತ್ತ ಕೆಮ್ಮು ಎದೆಗಿಳಿದು ಉಬ್ಬಸವಾಯಿತು. "ಇನ್ನೊಂದು ಮಳೆಗಾಲ ಆ ಕೋಣೇಲೇ ಕಳೆದ್ರೆ ನನ್ನ ಹತ್ರ ಬರಬೇಡಿ" ಎಂದು ಡಾಕ್ಟರು ಕೈಚೆಲ್ಲಿದ್ದರು.

ಅದಕ್ಕೇ ಅವನು ಸಂಘ ಸೇರಿದ್ದು. ಮನೆಯಿಲ್ಲದ ಹನ್ನೆರಡು ಸಂಸಾರಗಳು ಕೂಲಿಯವರ ಹಂಗಿಲ್ಲದೆ ತಾವೇ ಇಟ್ಟಿಗೆ ಹೊತ್ತು ಹನ್ನೆರಡು ಮನೆ ಎಬ್ಬಿಸುವ ಸಂಘ. ಯಾರಿಗೆ ಯಾವ ಮನೆ ಎಂಬುದು ಕೊನೆಯ ದಿನ ಚೀಟಿ ಎತ್ತುವವರೆಗೂ ಗೊತ್ತಾಗಕೂಡದು. ಗೊತ್ತಿಲ್ಲದಿದ್ದರೆ ಎಲ್ಲರೂ ಎಲ್ಲ ಮನೆಯನ್ನೂ ತಮ್ಮದೆಂದೇ ಕಟ್ಟುತ್ತಾರಲ್ಲ! ನಿಯಮ ಚೆನ್ನಾಗಿತ್ತು. ಮನುಷ್ಯರೇ ಸ್ವಲ್ಪ ಕಮ್ಮಿ ಬಿದ್ದರು.

ಕೊನೆಯ ದಿನ ಉಳಿದದ್ದು, ನೀರಿಳಿಯದಂತೆ ತಾರಸಿಗಳಿಗೆ ಸಿಮೆಂಟಿನ ಗಿಲಾವು ಬಳಿಯುವ ಕೆಲಸ. ಬೆಳಿಗ್ಗೆಯೇ ಸಂಘದ ಕಾರ್ಯದರ್ಶಿ ಬಂದು ಟೈಲರನ ಹೆಗಲ ಮೇಲೆ ಕೈ ಹಾಕಿದ. ಇವನು ಬಸ್ಸು ಬಿಟ್ಟರೂ ಸೀಟಿ ಬಿಡದ ನಿವೃತ್ತ ಕಂಡಕ್ಟರ್.

"ತಂಗಿ ಉಬ್ಬಸ ನೋಡಿದ್ರೆ ಕರುಳು ಚುರ್ ಅನ್ನುತ್ತಪ್ಪ. ಮೂಲೆ ಮನೆ ನಿಂದೇ. ಚೀಟಿ ಮಡಚೋನು ನಾನು. ಯಾರ ಹತ್ರಾನೂ ಬಾಯಿ ಬಿಡಬೇಡ."

ಟೈಲರನ ಪಾಲಿಗೆ ಬಂದಿದ್ದು ನಡುವಿನ ಮನೆಯ ತಾರಸಿ. ಇನ್ನು ಅದು ಯಾರದೋ ಮನೆ. ಎರಡು ಬಾಂಡ್ಲಿ ಮರಳು ಹೆಚ್ಚು ಬಿದ್ದರೆ ಯಾರ ಗಂಟೇನು ಹೋಗುತ್ತದೆ? ಡಬ್ಬಿಯ ಊಟವನ್ನು ನಾಯಿಗೆ ಸುರಿದು, ಅದರಲ್ಲಿ ಸಿಮೆಂಟು ತುಂಬಿಕೊಂಡು ಮೂಲೆ ಮನೆಯತ್ತ ಹೊರಟ. ಮತ್ತೆ ಬಂದ, ಮತ್ತೆ ತುಂಬಿದ.

"ಏನಣ್ಣ, ಡಬ್ಬಿ ಹಿಡ್ಕೊಂಡು ಒಂದು ಕಡೆ ವಾಲ್ತಿದೀರಿ?" ಸಂಘದವನೇ ಆದ ಎಲೆಕ್ಟ್ರಿಷಿಯನ್ ಅಡ್ಡಗಟ್ಟಿದ. "ಅತ್ತಿಗೆ ಕಟ್ಟಿದ್ದಾ? ಒಂದು ತುತ್ತು ಹಾಕಿ."

"ಹಳಸಿದೆ ಕಣೋ."

"ಹಳಸಿದ್ದನ್ನ ಬೆಳಿಗ್ಗೆಯಿಂದ ಹೊತ್ಕೊಂಡು ತಿರುಗ್ತಿದೀರಲ್ಲ, ಮೆರವಣಿಗೇನಾ?"

ಹಾಗೆ ಕೇಳಿದವನ ಜೇಬುಗಳೂ ಉಬ್ಬಿದ್ದವು. ಟೈಲರ್ ಗಮನಿಸಲಿಲ್ಲ. ಮೂಲೆ ಮನೆಯ ಮೆಟ್ಟಿಲಲ್ಲಿ ಸಂಘದ ಇನ್ನೊಬ್ಬ ಸದಸ್ಯೆ ನರ್ಸಮ್ಮ ಖಾಲಿ ಚೀಲ ಮಡಚುತ್ತ ಇಳಿದು ಬಂದಳು. "ಮೇಲೆ ಗಾಳಿ ಚೆನ್ನಾಗಿದೆ ಅಂತ ಬಂದೆ" ಎಂದಳು, ಯಾರೂ ಕೇಳದಿದ್ದರೂ. ಮೇಲೆ ಹೋಗಿ ನೋಡಿದರೆ ಗಿಲಾವು ರೊಟ್ಟಿಯಷ್ಟಲ್ಲ, ಹಾಸಿಗೆಯಷ್ಟು ದಪ್ಪವಿತ್ತು! ಯಾರೋ ಪುಣ್ಯಾತ್ಮರು ತನ್ನ ಮನೆಗೆಂದು ಬೆವರು ಸುರಿಸಿದ್ದಾರೆ ಎಂದು ಟೈಲರನ ಕಣ್ಣು ತುಂಬಿತು. ಆ ತುಂಬಿದ ಕಣ್ಣಲ್ಲೇ ಇಳಿಯಹೋಗಿ ಮೆಟ್ಟಿಲು ತಪ್ಪಿತು. ಡಬ್ಬಿಯ ತಳದಲ್ಲಿ ಉಳಿದಿದ್ದ ಸಿಮೆಂಟೆಲ್ಲ ಮುಖಕ್ಕೇ ಹಾರಿತು.

ಹುಡುಕಿಕೊಂಡು ಬಂದ ಹೆಂಡತಿ ಕೆಳಗೇ ನಿಂತಿದ್ದಳು. "ಇದೇನ್ರೀ ಅವತಾರ? ಸುಡುಗಾಡಿಂದ ಎದ್ದು ಬಂದ ಹಾಗಿದೀರಿ!"

"ಶ್, ಎಲ್ಲಾ ನಿನಗೋಸ್ಕರಾನೇ."

ಏನು ನನಗೋಸ್ಕರ ಎಂದು ಕೇಳುವಷ್ಟರಲ್ಲಿ ಆ ಧೂಳು ಅವಳ ಎದೆಗೆ ಹೋಗಿತ್ತು. ಸಂಜೆಯವರೆಗೂ ಅವಳು ಗೋಡೆ ಹಿಡಿದುಕೊಂಡು ಕೆಮ್ಮಿದಳು.

ಚೀಟಿ ಎತ್ತಲು ಸೀಟಿ ಕೂಗಿತು. ಎಲ್ಲರೂ ಸೇರಿದರು. ಕಂಡಕ್ಟರ್ ಮೊದಲ ಚೀಟಿ ಬಿಡಿಸಿ ಹಣೆ ಬಡಿದುಕೊಂಡ. "ಮೂಲೆ ಮನೆ... ಛೆ, ಹೇಳೋಕೇ ನಾಚಿಕೆಯಾಗ್ತಿದೆ. ನನಗೇ ಬಂದುಬಿಟ್ಟಿದೆ!"

"ಅನ್ಯಾ—" ಎಂದು ಟೈಲರ್ ಬಾಯಿ ತೆರೆದ. ಅದೇ ಗಳಿಗೆಯಲ್ಲಿ ಎಲೆಕ್ಟ್ರಿಷಿಯನ್, ನರ್ಸಮ್ಮ, ಉಳಿದವರೆಲ್ಲರೂ ಬಾಯಿ ತೆರೆದರು. ಒಬ್ಬರನ್ನೊಬ್ಬರು ನೋಡಿಕೊಂಡರು. ಎಲ್ಲರ ಹುಬ್ಬೂ ಸಿಮೆಂಟಿನ ಬೂದಿ. ಕೂಗಬೇಕಾದರೆ, ಆ ಮನೆ ತನ್ನದೆಂದು ಯಾಕೆ ನಂಬಿದ್ದು, ಆ ಸಿಮೆಂಟು ಯಾರ ತಾರಸಿಯದು ಎಂದು ಮೊದಲು ಹೇಳಬೇಕಿತ್ತು. ಕಳ್ಳನಿಗೆ ಚೇಳು ಕುಟುಕಿದ ಹಾಗೆ ಎಲ್ಲರೂ ಬಾಯಿ ಮುಚ್ಚಿದರು. ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು.

ಟೈಲರನಿಗೆ ನಡುವಿನ ಮನೆ ಬಂತು.

"ಅದೃಷ್ಟವಂತ ಬಿಡಪ್ಪ" ಎಂದ ಕಂಡಕ್ಟರ್. "ನೀನೇ ಕೈಯಾರೆ ಬಳಿದ ತಾರಸಿ. ಇನ್ನೇನು ಬೇಕು?"

ಮಳೆಗಾಲದ ಮೊದಲ ಮಳೆಗೇ ಸೂರು ತೊಟ್ಟಿಕ್ಕಿತು. ಹೆಂಡತಿ ಹಾಸಿಗೆಯನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಎಳೆದಳು. ಅಲ್ಲೂ ತೊಟ್ಟಿಕ್ಕಿತು. ಕೊನೆಗೆ ನಡುವೆ ಕೂತು, ಉಸಿರು ಎಳೆಎಳೆದುಕೊಂಡು ಹೇಳಿದಳು: "ಅಲ್ಲಿ ಬಾಡಿಗೆ ಕೊಟ್ಟು ನೆನೀತಿದ್ವಿ. ಇಲ್ಲಿ ಆ ಖರ್ಚಿಲ್ಲ ಬಿಡಿ."

ಟೈಲರ್ ಕೊಟ್ಟ ಮಾತು ನಡೆಯಲಿಲ್ಲ.